‘ಪುನರ್ಜನ್ಮ’ವೋ ‘ಪುನರ್ಭವ’ವೋ: ಆತ್ಮವನ್ನೊಪ್ಪದ ಬೌದ್ಧರ ಮರುಹುಟ್ಟಿಗೆ ಯಾವ ಪದ?

ಮಾನ್ಯರೇ,

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡ್ಡದ ನೆತ್ತಿಯ ಮೇಲೆ ರವಿಕೀರ್ತಿಯ ಶಾಸನವಿರುವ ಕ್ರಿ.ಶ. 634ರ ಜಿನಾಲಯವಿದೆ, ಅದಕ್ಕಿಂತ ತುಸು ಕೆಳಗೆ, ಒಂದಿಷ್ಟು ಬಂಡೆಯಲ್ಲಿ ಕೊರೆದು ಒಂದಿಷ್ಟು ಕಲ್ಲಿನಲ್ಲಿ ಕಟ್ಟಿದ ಎರಡಂತಸ್ತಿನ ಬೌದ್ಧ ಗುಡಿಯಿದೆ. ಗುಡ್ಡ ಹತ್ತುವವರಿಗಾಗಿ ಎರಡರ ತತ್ತ್ವವನ್ನೂ ಕೆಲವೇ ಪುಟಗಳಲ್ಲಿ ಬರೆಯಲು ಹೊರಟಾಗ ‘ಪುನರ್ಜನ್ಮ’ ಎಂಬ ಒಂದೇ ಪದ ಎರಡೂ ಕಡೆ ಬಂದು ನಿಂತು, ಇಬ್ಬರೂ ಒಂದೇ ಮಾತನ್ನು ಹೇಳುತ್ತಿರುವಂತೆ ತೋರತೊಡಗಿತು. ಆದರೆ ಈ ವಿಷಯದಲ್ಲಿ ಆ ಎರಡು ಮತಗಳು ಎದುರುಬದುರು. ಜೈನರಿಗೆ ಜೀವ ನಿತ್ಯ. ಕರ್ಮಪುದ್ಗಲಗಳನ್ನು, ಅಂದರೆ ಕರ್ಮದ ಸೂಕ್ಷ್ಮ ಕಣಗಳನ್ನು, ಅಂಟಿಸಿಕೊಂಡು ಅದೇ ಜೀವ ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಸೇರುತ್ತದೆ. ಬೌದ್ಧರಿಗೆ ಹಾಗೆ ಹೋಗಿ ಸೇರುವ ವಸ್ತುವೇ ಇಲ್ಲ; ಆದರೂ ಹುಟ್ಟಿನ ಮೇಲೆ ಹುಟ್ಟು ಉಂಟು, ಮಾಡಿದ್ದರ ಫಲವೂ ಉಂಟು.

ನಮ್ಮ ಕಡೆ, ತೀರಿಕೊಂಡ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟು, ‘ನಮ್ಮ ಮುತ್ಯಾನ ಹುಟ್ಟಿ ಬಂದಾನ’ ಎನ್ನುತ್ತಾರೆ. ಪ್ರೀತಿಯ ಮಾತು, ಅದರ ಮೇಲೆ ನನ್ನ ತಕರಾರಿಲ್ಲ. ಆದರೆ ‘ಬಂದಾನ’ ಎಂದೊಡನೆ ಬಂದವನೊಬ್ಬ ಇರಲೇಬೇಕು, ಬರುವ ಮುಂಚೆ ಅವನು ಎಲ್ಲೋ ಇದ್ದಿರಲೂ ಬೇಕು. ಕನ್ನಡದ ಕ್ರಿಯಾಪದ ಲಿಂಗ ವಚನಗಳ ಪ್ರತ್ಯಯವನ್ನು ಹೊತ್ತೇ ಬರುವುದರಿಂದ, ಕರ್ತೃಪದವನ್ನು ನಾವು ಬಿಟ್ಟರೂ ಪ್ರತ್ಯಯ ಅವನನ್ನು ಕರೆತಂದು ವಾಕ್ಯದೊಳಗೆ ಕೂರಿಸುತ್ತದೆ. ಪಾಲಿ ವ್ಯಾಖ್ಯಾನಕಾರ ಬುದ್ಧಘೋಷನು ತನ್ನ ವಿಸುದ್ಧಿಮಗ್ಗವೆಂಬ ಗ್ರಂಥದಲ್ಲಿ ದುಃಖವುಂಟು, ದುಃಖಪಡುವವನಿಲ್ಲ, ಕ್ರಿಯೆಯುಂಟು, ಮಾಡುವವನಿಲ್ಲ ಎಂಬರ್ಥದ ಮಾತನ್ನು ಹೇಳುತ್ತಾನೆ. ಇಂಥ ಮಾತಿಗೆ ಲಿಂಗ ವಚನಗಳ ಹಂಗಿಲ್ಲದ ನಮ್ಮ ‘ಉಂಟು’ ಬಹಳ ಚೆನ್ನಾಗಿ ಒದಗುತ್ತದೆ. ‘ಮತ್ತೆ ಹುಟ್ಟಿದನು’ ಎನ್ನುವುದಕ್ಕಿಂತ ‘ಮತ್ತೆ ಹುಟ್ಟು ಉಂಟಾಯಿತು’ ಎನ್ನುವುದು ಬೌದ್ಧರ ಮಾತಿಗೆ ಹತ್ತಿರವೆಂದು ನನ್ನ ಅನಿಸಿಕೆ.

ಕೆಲವರು ‘ಆತ್ಮ’ವನ್ನು ಕೈಬಿಟ್ಟು ಅದರ ಜಾಗದಲ್ಲಿ ‘ಪ್ರಜ್ಞೆ’ಯನ್ನು ಇಟ್ಟು, ‘ಪ್ರಜ್ಞೆಯು ಮುಂದಿನ ದೇಹಕ್ಕೆ ಸಾಗುತ್ತದೆ’ ಎಂದು ಬರೆಯುವುದುಂಟು. ಇದರಿಂದ ಹೆಸರು ಬದಲಾಯಿತೇ ಹೊರತು ತೊಡಕು ಬಿಡಲಿಲ್ಲ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಮಜ್ಝಿಮ ನಿಕಾಯದ ಮಹಾತಣ್ಹಾಸಂಖಯ ಸುತ್ತದಲ್ಲಿ ಸಾತಿ ಎಂಬ ಭಿಕ್ಷು, ಇದೇ ವಿಜ್ಞಾನವು (ಎಂದರೆ ಅರಿವು) ತಾನು ಬೇರೆಯಾಗದೆ ಸಂಚರಿಸುತ್ತದೆ ಎಂದದ್ದಕ್ಕೆ ಬುದ್ಧನಿಂದ ಕಟುವಾಗಿಯೇ ಅನ್ನಿಸಿಕೊಳ್ಳುತ್ತಾನೆ: ಕಾರಣಗಳಿಲ್ಲದೆ ವಿಜ್ಞಾನ ಹುಟ್ಟುವುದೇ ಇಲ್ಲವೆಂದು ನಾನು ಹೇಳಿಲ್ಲವೇ ಎಂಬುದು ಅಲ್ಲಿನ ಪ್ರಶ್ನೆ.

ಹಾಗಾದರೆ ಫಲ ಉಣ್ಣುವವರು ಯಾರು? ಮಿಲಿಂದಪಞ್ಹವೆಂಬ ಪಾಲಿ ಸಂವಾದಗ್ರಂಥದಲ್ಲಿ ಗ್ರೀಕ್ ಅರಸ ಮಿಲಿಂದನಿಗೆ ಭಿಕ್ಷು ನಾಗಸೇನನು ‘ಅವನೇ ಅಲ್ಲ, ಬೇರೆಯವನೂ ಅಲ್ಲ’ ಎಂದು ಉತ್ತರಿಸಿ, ಮಾವಿನ ಹಣ್ಣು ಕದ್ದವನ ಪ್ರಸಂಗವನ್ನು ಮುಂದಿಡುತ್ತಾನೆ. ತೋಟದವನು ನೆಟ್ಟ ಹಣ್ಣೇ ಬೇರೆ, ತಾನು ಕಿತ್ತ ಹಣ್ಣುಗಳೇ ಬೇರೆ ಎಂದು ಕಳ್ಳ ವಾದಿಸಬಹುದು; ಮಾತು ಸುಳ್ಳೂ ಅಲ್ಲ. ಆದರೂ ದಂಡ ತಪ್ಪದು, ಏಕೆಂದರೆ ಇವು ಅದನ್ನು ಆಶ್ರಯಿಸಿಯೇ ಬಂದವು. ಬೌದ್ಧರ ವಾದವೆಲ್ಲ ನಿಂತಿರುವುದು ಈ ‘ಆಶ್ರಯಿಸಿ’ ಎಂಬುದರ ಮೇಲೆ, ‘ಅದೇ’ ಎಂಬುದರ ಮೇಲಲ್ಲ.

ಆದ್ದರಿಂದ ನಾನು ‘ಪುನರ್ಭವ’ದ ಕಡೆಗೆ ವಾಲಿದ್ದೇನೆ. ಅದು ಬೌದ್ಧರದೇ ಪದ. ಬುದ್ಧನ ಮೊದಲ ಉಪದೇಶದಲ್ಲಿಯೇ ತಣ್ಹೆಗೆ (ತೃಷ್ಣೆಗೆ) ‘ಪೋನೊಬ್ಭವಿಕಾ’, ಅಂದರೆ ಪುನರ್ಭವವನ್ನು ತರುವಂಥದು ಎಂಬ ವಿಶೇಷಣವಿದೆ. ‘ಜನ್ಮ’ವನ್ನು ಆಡುಮಾತಿನಲ್ಲಿ ನಾವು ‘ಏಳು ಜನ್ಮ’ ಎಂದು ಎಣಿಸುತ್ತೇವೆ, ‘ನನ್ನ ಹಿಂದಿನ ಜನ್ಮ’ ಎಂದು ಒಡೆತನ ಹಚ್ಚುತ್ತೇವೆ. ‘ಭವ’ದಲ್ಲಿ ಆಗುವಿಕೆಯ ಅರ್ಥವೇ ಮುಂದು. ಅಮರಕೋಶದಲ್ಲಿ ‘ಪುನರ್ಭವ’ವೆಂದರೆ ಉಗುರು ಎಂಬುದನ್ನೂ ನೆನೆಯಬಹುದು. ಕತ್ತರಿಸಿದ ಮೇಲೆ ಬೆಳೆದದ್ದು ಹಳೆಯ ಉಗುರೇ ಹೌದೇ ಎಂದು ಯಾರೂ ಕೇಳುವುದಿಲ್ಲ.

ಒಂದು ಆಕ್ಷೇಪ ನನಗೇ ಕಾಣುತ್ತದೆ. ‘ಭವ’ ಬೌದ್ಧರ ಸ್ವತ್ತಲ್ಲ. ಪಂಪನ ಆದಿಪುರಾಣದ ಭವಾವಳಿಗಳು, ಅಂದರೆ ಜನ್ಮಗಳ ಸಾಲುಗಳು, ನಿತ್ಯ ಜೀವದವೇ. ಇನ್ನು ಕೂಡಲಸಂಗಮದ ಸೀಮೆಯವರಾದ ನಮಗೆ ‘ಭವ’ವೆಂದರೆ ವಚನಗಳ ‘ಭವಿ’ (ಲಿಂಗದೀಕ್ಷೆ ಇಲ್ಲದವನು) ನೆನಪಾಗದಿರದು. ಜೈನ ಪುಟದಲ್ಲಿ ‘ಭವಾಂತರ’, ಬೌದ್ಧ ಪುಟದಲ್ಲಿ ‘ಪುನರ್ಭವ’ ಎಂದು ಇಟ್ಟರೆ ಓದುಗರಿಗೆ ವ್ಯತ್ಯಾಸ ತಿಳಿಯುವುದೇ?

ಇದಕ್ಕಿಂತ ಬಿಗಿಯಾದ ಗಂಟು ‘ಪಟಿಸಂಧಿ’. ಪಾಲಿ ಗ್ರಂಥಗಳನ್ನು ಅನುಸರಿಸುವ ಬೌದ್ಧ ಪಂಥವಾದ ಥೇರವಾದದಲ್ಲಿ ಇದು ಸಾವಿನ ಕೊನೆಯ ಚಿತ್ತದ ಬೆನ್ನಿಗೇ ಉಂಟಾಗುವ ಹೊಸ ಹುಟ್ಟಿನ ಮೊದಲ ಚಿತ್ತ. ಇನ್ನೊಂದು ಬೌದ್ಧ ಪಂಥದವರಾದ ಸರ್ವಾಸ್ತಿವಾದಿಗಳು ಒಪ್ಪುವ ‘ಅಂತರಾಭವ’ವನ್ನು, ಅಂದರೆ ಸಾವಿಗೂ ಮರುಹುಟ್ಟಿಗೂ ನಡುವಣ ಸ್ಥಿತಿಯನ್ನು, ಥೇರವಾದಿಗಳು ಒಪ್ಪರು. ‘ಪ್ರತಿಸಂಧಿ’ ಎಂದರೆ ಇರುವ ಎರಡನ್ನು ಕೂಡಿಸಿದಂತೆ ಕೇಳಿಸುತ್ತದೆ, ‘ಮರುಬೆಸುಗೆ’ಯೂ ಅಷ್ಟೇ, ಇಲ್ಲಿಯಾದರೋ ಒಂದು ಆರಿದ ಮೇಲೆಯೇ ಇನ್ನೊಂದು. ಇದಕ್ಕೆ ಹೊಂದುವ ಕನ್ನಡದ ಮಾತನ್ನು ಬಲ್ಲವರು, ಹಳೆಯ ಪ್ರಯೋಗವಿದ್ದರೆ ಅದರ ಸಮೇತ, ತಿಳಿಸಬೇಕಾಗಿ ವಿನಂತಿ.