ಮೂರನೆಯ ಸಲವೂ ಕೀ ಗಾಡಿಯೊಳಗೇ ಉಳಿಯಿತು: ಈ ಮರೆವನ್ನು ನಿಲ್ಲಿಸುವುದು ಹೇಗೆ?

ಸಂತೆಕಟ್ಟೆ_ಸವಾರ | ಜುಲೈ 6, ರಾತ್ರಿ 9.50

ಈ ಮಳೆಗಾಲದಲ್ಲಿ ಇದು ಮೂರನೆಯ ಸಲ. ಇಂದು ಮಧ್ಯಾಹ್ನ ಮಲ್ಪೆ ಬಂದರಿನ ಹತ್ತಿರ ಗಾಡಿ ನಿಲ್ಲಿಸಿದ್ದೆ. ಐದೇ ನಿಮಿಷದ ಕೆಲಸ. ಹೊರಡುವ ಹೊತ್ತಿಗೆ ಮಳೆ ಹಿಡಿಯಿತು. ಡಿಕ್ಕಿ ತೆರೆದೆ, ಬೇಕಾದದ್ದನ್ನು ತೆಗೆದುಕೊಂಡೆ, ಮುಚ್ಚಿದೆ. ಟಕ್ ಎಂಬ ಸದ್ದು ಕಿವಿಗೆ ಬಿದ್ದ ಮರುಕ್ಷಣವೇ ಎದೆ ಧಸಕ್ ಎಂದಿತು. ಕೀ ಒಳಗೇ ಇತ್ತು.

ಇದು ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಕಾಲ. ಬೋಟುಗಳೆಲ್ಲ ಧಕ್ಕೆಯಲ್ಲಿ ಸಾಲುಗಟ್ಟಿ ನಿಂತಿವೆ, ಸಹಾಯಕ್ಕೆ ಕರೆಯೋಣವೆಂದರೆ ನರಪಿಳ್ಳೆಯೂ ಇರಲಿಲ್ಲ. ತಮ್ಮ ಮನೆಯಿಂದ ಇನ್ನೊಂದು ಕೀ ತರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಅಮ್ಮನ ಕಣ್ಣಿನ ಪರೀಕ್ಷೆಗೆ ಹದಿನೈದು ದಿನ ಮೊದಲೇ ಗೊತ್ತುಮಾಡಿದ್ದ ಸಮಯ ತಪ್ಪಿಹೋಯಿತು. ಅವರು ಒಂದು ಮಾತೂ ಆಡಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

ನನಗೆ ಬೇಕಾದದ್ದು ಹೊಸ ಉಪಕರಣವಲ್ಲ, ಗಟ್ಟಿಯಾದ ಒಂದು ಅಭ್ಯಾಸ. ‘ಜಾಗ್ರತೆಯಿಂದ ಇರಿ’ ಎಂದು ದಯವಿಟ್ಟು ಬರೆಯಬೇಡಿ, ಅದನ್ನು ಮನೆಯಲ್ಲಿ ಎಲ್ಲರೂ ಹೇಳಿಯಾಗಿದೆ.

ಶಾಂಭವಿ_ತೀರ | ಜುಲೈ 6, ರಾತ್ರಿ 10.25

ಇದು ಮರೆವಿನ ಸಮಸ್ಯೆ ಎಂದು ನನಗೆ ಅನ್ನಿಸುವುದಿಲ್ಲ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಬಹುತೇಕ ಗಾಡಿಗಳಲ್ಲಿ ಕೀ ಡಿಕ್ಕಿಯೊಳಗೆ ಉಳಿದರೆ ಬೀಗ ಬೀಳುವುದಿಲ್ಲ, ಅಥವಾ ಎಚ್ಚರಿಕೆಯ ಸದ್ದಾಗುತ್ತದೆ. ನಿಮಗೆ ಎರಡೂ ಆಗಿಲ್ಲ. ಅಂದರೆ ಗಾಡಿಗೆ ಕೀ ಒಳಗಿರುವುದು ಗೊತ್ತೇ ಆಗಿಲ್ಲ. ಕೀಯೊಳಗಿನ ಬ್ಯಾಟರಿ ಸೋತಿದೆ.

ಸಾಮಾನ್ಯವಾಗಿ ಅದು ಸಿಆರ್2032 ನಾಣ್ಯದ ಬ್ಯಾಟರಿ, 3 ವೋಲ್ಟ್. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಒಳಗಿನ ಲೋಹದ ನಾಲಗೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮೂಲ್ಕಿಯಲ್ಲಿ ನನ್ನ ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಇಲ್ಲ, ಪ್ರತಿ ವರ್ಷ ಮೇ ಕೊನೆಯಲ್ಲಿ ಬ್ಯಾಟರಿ ಬದಲಿಸುತ್ತೇನೆ. ನಾಳೆಯೇ ಬದಲಿಸಿ ನೋಡಿ.

ಹಲಸಿನ_ಮನೆ | ಜುಲೈ 7, ಬೆಳಿಗ್ಗೆ 6.40

ಅಭ್ಯಾಸವೆಂದರೆ 21 ದಿನ. ಒಂದು ದಿನವೂ ತಪ್ಪಿಸದೆ ಮಾಡಿದರೆ ಅಲ್ಲಿಗೆ ಅದು ಮೈಗೂಡುತ್ತದೆ.

ಕುಲಶೇಖರದ ನಮ್ಮ ಮನೆಯಲ್ಲಿ ಬಾಗಿಲ ಪಕ್ಕ ಒಂದು ಹಲಗೆ ಇದೆ. ಹಳೆಯ ಮನೆ ಬಿಚ್ಚಿದಾಗ ಸಿಕ್ಕ ಹಲಸಿನ ಮರದ ತೊಲೆಯಿಂದ ನಾನೇ ಕೊಯ್ದು ಮಾಡಿದ್ದು. ಏಳು ಹಿತ್ತಾಳೆಯ ಕೊಕ್ಕೆ, ಪ್ರತಿಯೊಂದರ ಹಿಂದೆ ಆ ಕೀಯ ಆಕಾರವನ್ನೇ ಕಪ್ಪು ಬಣ್ಣದಲ್ಲಿ ಬರೆದಿದ್ದೇನೆ. ಕೀ ಇಲ್ಲದಿದ್ದರೆ ಅದರ ನೆರಳು ಮಾತ್ರ ಕಾಣುತ್ತದೆ, ದೂರದಿಂದಲೇ ತಿಳಿಯುತ್ತದೆ. ನಾಲ್ಕು ವರ್ಷದಲ್ಲಿ ಒಂದು ಕೀಯೂ ಕಳೆದಿಲ್ಲ. ಬೇಕಾದರೆ ಚಿತ್ರ ಹಾಕುತ್ತೇನೆ.

ನೇತ್ರಾವತಿ_ದಡ | ಜುಲೈ 7, ಬೆಳಿಗ್ಗೆ 8.05

ಹಲಗೆ ಚೆನ್ನಾಗಿದೆ, ಆದರೆ ಅವರ ಕೀ ಹೋಗುತ್ತಿರುವುದು ಮನೆಯಲ್ಲಲ್ಲ.

ಇನ್ನು 21 ದಿನದ ಮಾತು. ಅದು 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ತನ್ನ ರೋಗಿಗಳನ್ನು ನೋಡಿ ಬರೆದದ್ದು. ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ ಸುಮಾರು 21 ದಿನ ಬೇಕು ಎಂಬುದು ಅವರು ಕಂಡದ್ದು. ಆ ‘ಕನಿಷ್ಠ’ ಎಂಬ ಪದ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಎಂದು ಬಂತು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ ಲೆಕ್ಕ 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತು ಎಂದೂ ಅಲ್ಲ.

ಹಲಸಿನ_ಮನೆ | ಜುಲೈ 7, ಬೆಳಿಗ್ಗೆ 8.30

ನನಗೆ 21 ದಿನದಲ್ಲೇ ಆಗಿದೆ. ಅದು ನನ್ನ ಅನುಭವ, ಕಾಗದದ ಮೇಲಿನ ಲೆಕ್ಕವಲ್ಲ.

ನೇತ್ರಾವತಿ_ದಡ | ಜುಲೈ 7, ಬೆಳಿಗ್ಗೆ 8.42

18ರಿಂದ 254ರ ನಡುವೆ ನಿಮ್ಮ 21 ಕೂಡ ಬರುತ್ತದೆ. ನಾನು ನಿಮ್ಮನ್ನು ಅಲ್ಲಗಳೆಯುತ್ತಿಲ್ಲ. 22ನೆಯ ದಿನ ಕೀ ಮರೆತವರು ‘ನನ್ನಿಂದಾಗದು’ ಎಂದು ಕೈಬಿಡಬಾರದು ಎಂಬುದಷ್ಟೇ ನನ್ನ ಕಾಳಜಿ.

ಕಾಪು_ದೀಪ | ಜುಲೈ 7, ಮಧ್ಯಾಹ್ನ 1.15

ಇಷ್ಟೆಲ್ಲ ಏಕೆ? ಅಯಸ್ಕಾಂತವಿರುವ ಸಣ್ಣ ಡಬ್ಬಿ ಸಿಗುತ್ತದೆ. ಇನ್ನೊಂದು ಕೀಯನ್ನು ಅದರಲ್ಲಿಟ್ಟು ಗಾಡಿಯ ಅಡಿಗೆ ಅಂಟಿಸಿಬಿಡಿ.

ನೇತ್ರಾವತಿ_ದಡ | ಜುಲೈ 7, ಮಧ್ಯಾಹ್ನ 1.40

ಬೇಡ. ಗಾಡಿ ಕಳವಾದರೆ ವಿಮೆಯವರು ಮೊದಲು ಕೇಳುವುದೇ ಎರಡೂ ಕೀಗಳನ್ನು. ಒಂದು ಕೀ ಗಾಡಿಯಡಿಯೇ ಇತ್ತು ಎಂದು ಯಾವ ಬಾಯಿಂದ ಹೇಳುತ್ತೀರಿ? ಅದೂ ಅಲ್ಲದೆ ರಾಷ್ಟ್ರೀಯ ಹೆದ್ದಾರಿ 66ರ ಈಗಿನ ಹೊಂಡಗಳಲ್ಲಿ ಆ ಡಬ್ಬಿ ಪಡುಬಿದ್ರಿ ದಾಟುವುದೂ ಅನುಮಾನ.

ಶಾಂಭವಿ_ತೀರ | ಜುಲೈ 7, ಸಂಜೆ 5.20

ಬ್ಯಾಟರಿ ಬದಲಿಸಿದಿರಾ? ಗಾಡಿಯ ಹತ್ತಿರ ಹೋದಾಗ ಬಾಗಿಲು ಎಷ್ಟು ದೂರದಿಂದ ತೆರೆಯುತ್ತದೆ ಎಂದು ಹೆಜ್ಜೆ ಎಣಿಸಿ ನೋಡಿ. ಮೊದಲಿಗಿಂತ ಕಡಿಮೆಯಾಗಿದ್ದರೆ ನನ್ನ ಮಾತು ಸರಿ. ಕೀಯನ್ನು ಸ್ಟೀಲಿನ ಡಬ್ಬಿಯ ಹತ್ತಿರ ಇಟ್ಟಿದ್ದಿರಾ? ಲೋಹ ಅಡ್ಡ ಬಂದರೂ ಸಂಕೇತ ಮುಟ್ಟುವುದಿಲ್ಲ.

ಸಂತೆಕಟ್ಟೆ_ಸವಾರ | ಜುಲೈ 7, ರಾತ್ರಿ 9.10

ಯಾವ ಬ್ಯಾಟರಿ? ಯಾವ ಬಾಗಿಲು? ನನ್ನದು ಸ್ಕೂಟರ್. ಎಂಟು ವರ್ಷ ಹಳೆಯದು, ಸಾದಾ ಕಬ್ಬಿಣದ ಕೀ. ಡಿಕ್ಕಿ ಎಂದರೆ ಸೀಟಿನ ಅಡಿಯ ಪೆಟ್ಟಿಗೆ. ಮಳೆಯಲ್ಲಿ ಒಂದೂವರೆ ಗಂಟೆ ನಿಂತೆ ಎಂದರೆ ಕಾರು ಅಲ್ಲವೆಂದು ತಿಳಿಯುತ್ತದೆ ಎಂದುಕೊಂಡಿದ್ದೆ.

ಶಾಂಭವಿ_ತೀರ | ಜುಲೈ 7, ರಾತ್ರಿ 9.18

ಕಾರಿಗೆ ಬೀಗ ಬಿದ್ದರೂ ಮಳೆಯಲ್ಲೇ ನಿಲ್ಲಬೇಕಲ್ಲ! ಮೊದಲ ಸಾಲಿನಲ್ಲೇ ಸ್ಕೂಟರ್ ಎಂದಿದ್ದರೆ ಎಲ್ಲರ ಒಂದು ದಿನ ಉಳಿಯುತ್ತಿತ್ತು.

ಹಳಿ_ಬಂಧು | ಜುಲೈ 7, ರಾತ್ರಿ 10.05

ಸವಾರರೇ, ಆ ಹತ್ತು ಸೆಕೆಂಡುಗಳನ್ನು ನಿಧಾನವಾಗಿ ನೆನಪಿಸಿಕೊಂಡು ಬರೆಯಿರಿ. ಸೀಟು ಎತ್ತಿದಾಗ ಕೀ ಎಲ್ಲಿತ್ತು? ಎಡಗೈಯಲ್ಲಿ ಏನಿತ್ತು, ಬಲಗೈಯಲ್ಲಿ ಏನಿತ್ತು? ಮೂರೂ ಸಲ ಹೀಗೆಯೇ ಆಯಿತೇ?

ಸಂತೆಕಟ್ಟೆ_ಸವಾರ | ಜುಲೈ 7, ರಾತ್ರಿ 10.40

ಮೂರೂ ಸಲ ಮಳೆ. ಸೀಟಿನ ಬೀಗ ಪಕ್ಕದಲ್ಲಿದೆ. ಕೀ ತಿರುಗಿಸಿ ಸೀಟು ಎತ್ತಿ, ಕೂಡಲೇ ಕೀ ಎಳೆದುಕೊಳ್ಳುತ್ತೇನೆ. ಹೋದ ವರ್ಷ ಉಡುಪಿಯ ರಥಬೀದಿಯ ಬಳಿ ಕೀಯನ್ನು ಅದರಲ್ಲೇ ಬಿಟ್ಟು ಹೋಗಿದ್ದೆ. ಯಾರೋ ಪುಣ್ಯಾತ್ಮರು ಪಕ್ಕದ ಹೂವಿನ ಅಂಗಡಿಯಲ್ಲಿ ಕೊಟ್ಟು ಹೋಗಿದ್ದರು. ಅಂದಿನಿಂದ ‘ಕೀ ಮೊದಲು ಹೊರಗೆ’ ಎಂದು ರೂಢಿ ಮಾಡಿಕೊಂಡೆ.

ಆಮೇಲೆ ಎರಡೂ ಕೈಯಿಂದ ರೈನ್‌ಕೋಟ್ ಎಳೆಯಬೇಕು. ಅದು ಹೆಲ್ಮೆಟ್ಟಿನ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಕೀಯನ್ನು ಒಂದು ಕ್ಷಣ ಪೆಟ್ಟಿಗೆಯ ಅಂಚಿನಲ್ಲಿ ಇಡುತ್ತೇನೆ. ಕೋಟು ಕೈಗೆ ಬಂದ ಕೂಡಲೇ, ಒಳಗೆ ನೀರು ಬೀಳಬಾರದೆಂದು ಮೊಣಕೈಯಿಂದ ಸೀಟು ಒತ್ತಿಬಿಡುತ್ತೇನೆ. ಅದಕ್ಕೆ ಕೀ ಬೇಡ, ಒತ್ತಿದರೆ ತಾನಾಗಿ ಬೀಗ ಬೀಳುತ್ತದೆ.

ಹಳಿ_ಬಂಧು | ಜುಲೈ 7, ರಾತ್ರಿ 11.20

ಉತ್ತರ ನಿಮ್ಮ ಬರಹದಲ್ಲೇ ಇದೆ. ನಿಮಗೆ ಮರೆವಿಲ್ಲ. ಕೀ ಎಳೆಯುವ ಅಭ್ಯಾಸ ಗಟ್ಟಿಯಾಗಿದೆ, ಆದರೆ ಎಳೆದ ಕೀಗೆ ಕೂರಲು ಜಾಗವನ್ನೇ ಕೊಟ್ಟಿಲ್ಲ. ಕೈ ಎರಡೇ, ಕೆಲಸ ಮೂರು. ಆಗ ಕೀ ಹತ್ತಿರ ಸಿಕ್ಕ ಜಾಗದಲ್ಲಿ ಕೂರುತ್ತದೆ, ಹತ್ತಿರ ಇರುವುದು ಆ ಪೆಟ್ಟಿಗೆ. ರೈನ್‌ಕೋಟ್ ಇಲ್ಲದ ಬೇಸಿಗೆಯಲ್ಲಿ ಒಂದು ಸಲವಾದರೂ ಹೀಗಾಗಿದೆಯೇ? ಆಗಿರಲಾರದು.

ನಾನು ಹನ್ನೊಂದು ವರ್ಷ ರೈಲು ಎಂಜಿನ್ನಿನಲ್ಲಿ ದುಡಿದವನು. ಸಿಗ್ನಲ್ ಕಂಡ ಕೂಡಲೇ ಸಹಾಯಕ ಲೋಕೋ ಪೈಲಟ್ ಕೈ ಚಾಚಿ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಪೈಲಟ್ ಅದನ್ನೇ ಮರುನುಡಿಯಬೇಕು. ತೋಕೂರು ದಾಟಿ ಕೊಂಕಣ ರೈಲ್ವೆಯ ಹಳಿಗೆ ಬಿದ್ದ ಮೇಲೆ ಜುಲೈ ಮಳೆಯಲ್ಲಿ ಗಾಜಿನಾಚೆ ಏನೂ ಕಾಣದ ರಾತ್ರಿಗಳಲ್ಲಿ ಆ ಕೂಗು ಎಷ್ಟು ಬಲ ಕೊಡುತ್ತದೆ ಎಂಬುದು ನನಗೆ ಗೊತ್ತು. ಜಪಾನಿನ ರೈಲ್ವೆಯಲ್ಲೂ ಇದೇ ಪದ್ಧತಿ, ಬೆರಳು ತೋರಿಸಿ ಹೇಳುವುದು. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1994ರಲ್ಲಿ ಪರೀಕ್ಷಿಸಿದಾಗ ತಪ್ಪುಗಳು ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿದಿದ್ದವು.

ನೀವು ಹೀಗೆ ಮಾಡಿ. ಕೀಗೆ ಹೆಬ್ಬೆರಳ ಗಾತ್ರದ ದಾರದ ಉಂಗುರ ಕಟ್ಟಿ. ಸೀಟು ಎತ್ತಿದ ಮೇಲೆ ಕೀಯನ್ನು ಎಲ್ಲಿಯೂ ಇಡಬೇಡಿ, ಉಂಗುರ ಎಡಗೈಯ ಕಿರುಬೆರಳಲ್ಲಿ ಇರಲಿ. ಎರಡೂ ಕೈ ಕೋಟು ಎಳೆಯಲು ಬಿಡುವಾಗಿರುತ್ತವೆ. ಸೀಟನ್ನು ಮೊಣಕೈಯಿಂದ ಒತ್ತುವುದನ್ನು ಇಂದೇ ಬಿಡಿ, ಕೀ ಇರುವ ಎಡಗೈಯ ಅಂಗೈಯಿಂದಲೇ ಒತ್ತಿ. ಒತ್ತುವ ಮೊದಲು ‘ಕೀ ಕೈಯಲ್ಲಿ’ ಎಂದು ಬಾಯಿಬಿಟ್ಟು ಹೇಳಿ. ಮೊದಲ ವಾರ ಮಳೆ ಇಲ್ಲದಾಗಲೂ ಮನೆಯಂಗಳದಲ್ಲಿ ದಿನಕ್ಕೆ ಹತ್ತು ಸಲ ಮಾಡಿ. ಧಾರಾಕಾರ ಮಳೆಯಲ್ಲಿ ಹೊಸದನ್ನು ಕಲಿಯಲು ಆಗುವುದಿಲ್ಲ.

ಕಾಪು_ದೀಪ | ಜುಲೈ 8, ಬೆಳಿಗ್ಗೆ 7.30

ರೈನ್‌ಕೋಟನ್ನು ಸೀಟಿನಡಿ ಇಡುವುದನ್ನೇ ಬಿಟ್ಟು ಮುಂದಿನ ಕೊಕ್ಕೆಗೆ ಚೀಲದಲ್ಲಿ ತೂಗುಹಾಕಿದರೆ? ಸೀಟು ಎತ್ತುವ ಪ್ರಸಂಗವೇ ಬರುವುದಿಲ್ಲ.

ಸಂತೆಕಟ್ಟೆ_ಸವಾರ | ಆಗಸ್ಟ್ 2, ರಾತ್ರಿ 8.45

ಇಂದಿಗೆ 25 ದಿನ. ಒಂದು ಸಲವೂ ಕೀ ಒಳಗೆ ಉಳಿದಿಲ್ಲ. ಕೆಂಪು ನೈಲಾನ್ ದಾರ, ಮಲ್ಪೆಯಲ್ಲಿ ಬಲೆ ಹೆಣೆಯುವವರ ಹತ್ತಿರ ತೆಗೆದುಕೊಂಡದ್ದು. ನೀರು ಕುಡಿದರೂ ಉಬ್ಬುವುದಿಲ್ಲ. ಹತ್ತನೆಯ ದಿನದ ಹೊತ್ತಿಗೆ ದಾರ ಕಿರುಬೆರಳಿಗೆ ಒತ್ತುವುದು ಕಾಣದಿದ್ದರೆ ಕೈ ತಾನಾಗಿ ತಡೆಯುತ್ತಿತ್ತು. ‘ಕೀ ಕೈಯಲ್ಲಿ’ ಎಂದು ಹೇಳಲು ಕಲ್ಸಂಕದ ಜನರ ನಡುವೆ ಮೊದಲು ಸಂಕೋಚವಾಯಿತು, ಈಗ ಇಲ್ಲ. ಅಮ್ಮನ ಕಣ್ಣಿನ ಪರೀಕ್ಷೆಯೂ ಆಯಿತು. ಹಳಿ_ಬಂಧು ಅವರಿಗೆ ನಾನು ಋಣಿ. ಕಾಪು_ದೀಪ ಅವರೇ, ಮುಂದಿನ ಕೊಕ್ಕೆಯಲ್ಲಿ ಅಮ್ಮನ ಚೀಲ ಇರುತ್ತದೆ.

ಒಂದು ಮಾತ್ರ ಉಳಿದಿದೆ. ಮಠಕ್ಕೆ ಹೋಗುವಾಗ ಪಂಚೆ ಉಟ್ಟಿರುತ್ತೇನೆ, ಒಳಗೆ ಅಂಗಿಯನ್ನೂ ತೆಗೆಯಬೇಕು. ಜೇಬೇ ಇಲ್ಲ. ಎರಡೂ ಕೈ ಜೋಡಿಸುವಾಗ ಕೀ ಎಲ್ಲಿಡುವುದು? ಹೋದ ವಾರ ತೆಗೆದ ಅಂಗಿಯಲ್ಲೇ ಇಟ್ಟಿದ್ದೆ, ತೀರ್ಥ ತೆಗೆದುಕೊಳ್ಳುವಷ್ಟರಲ್ಲಿ ಎಲ್ಲೋ ಜಾರಿತ್ತು. ಹುಡುಕಲು ಅರ್ಧ ಗಂಟೆ ಹಿಡಿಯಿತು.

ಹಲಸಿನ_ಮನೆ | ಆಗಸ್ಟ್ 3, ಬೆಳಿಗ್ಗೆ 6.15

ಉಡಿದಾರಕ್ಕೆ ಕಟ್ಟಿ. ನನ್ನ ಅಜ್ಜ ಭತ್ತ ತುಂಬುವ ಪತ್ತಾಯದ ಬೀಗದ ಕೈಯನ್ನು ಕೊನೆಯವರೆಗೂ ಅಲ್ಲೇ ಇಟ್ಟುಕೊಂಡಿದ್ದರು. ಕೆರೆಯಲ್ಲಿ ಮೀಯುವಾಗಲೂ ಬಿಚ್ಚುತ್ತಿರಲಿಲ್ಲ.