ಡ್ರ್ಯಾಗ್ ಕಾರಿನ ಹಿಂಬದಿಗೆ ಹಗುರ ಡಿಸ್ಕ್ ಬ್ರೇಕ್: ಜೋಡಿಸುವವರು ಗಮನಿಸಬೇಕಾದದ್ದು

ಪ್ರಶ್ನೆ: ನಮಸ್ಕಾರ ಸರ್. ಕಾಲು ಮೈಲಿ ಡ್ರ್ಯಾಗ್ ಓಟಕ್ಕೆಂದು ಸಿದ್ಧಪಡಿಸುತ್ತಿರುವ ನನ್ನ ಕಾರಿನ ತೂಕ ಸುಮಾರು 1,300 ಕಿಲೋ. ಗೆರೆ ದಾಟುವಾಗ ಅದರ ವೇಗ ಗಂಟೆಗೆ 180 ಕಿ.ಮೀ. ಆಸುಪಾಸಿನಲ್ಲಿರುತ್ತದೆ. ಹಿಂದಿನ ಆಕ್ಸಲ್‌ನಲ್ಲಿ ಈಗ ಡ್ರಮ್ ಬ್ರೇಕ್ ಇದೆ. ಅದನ್ನು ತೆಗೆದು, ರಂಧ್ರ ಕೊರೆದ ತೆಳು ಡಿಸ್ಕ್ ಮತ್ತು ನಾಲ್ಕು ಪಿಸ್ಟನ್‌ಗಳ ಅಲ್ಯೂಮಿನಿಯಂ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಇರುವ ಕಿಟ್ ಹಾಕಬೇಕೆಂದಿದ್ದೇನೆ. ಕೆಲಸವನ್ನು ನಾನೇ ಮಾಡುವುದಾದರೆ ಎಲ್ಲೆಲ್ಲಿ ಎಚ್ಚರ ವಹಿಸಬೇಕು?

ಉತ್ತರ: ನಮಸ್ಕಾರ. ಕಿಟ್ ಖರೀದಿಸುವ ಮುನ್ನ ಒಂದು ಬದಿಯ ಡ್ರಮ್ ಬಿಚ್ಚಿ ಅಳತೆ ತೆಗೆದುಕೊಳ್ಳಿ. ಆಕ್ಸಲ್ ಕೊಳವೆಯ ತುದಿಯ ಅಗಲ ಅಂಚು, ಅಂದರೆ ಫ್ಲ್ಯಾಂಜ್‌ನಲ್ಲಿರುವ ಬೋಲ್ಟ್‌ಗಳ ಅಂತರ, ಬೇರಿಂಗಿನ ಹೊರ ವ್ಯಾಸ, ಆ ಫ್ಲ್ಯಾಂಜ್‌ನಿಂದ ಚಕ್ರ ಕೂರುವ ಮುಖದವರೆಗಿನ ದೂರ, ಈ ಮೂರೂ ಕಿಟ್‌ನ ಅಳತೆಗಳಿಗೆ ಸರಿಹೊಂದಬೇಕು. ಮೂರನೆಯದನ್ನು ಅಂದಾಜಿನಲ್ಲಿ ಬಿಟ್ಟವರ ಕ್ಯಾಲಿಪರ್ ಡಿಸ್ಕಿನ ಒಂದು ಬದಿಗೆ ಸರಿದು ಕೂರುವುದನ್ನು ನಾನು ಹಲವು ಬಾರಿ ನೋಡಿದ್ದೇನೆ.

ಆಕ್ಸಲ್ ಶಾಫ್ಟ್ ಒಳತುದಿಯಲ್ಲಿ ಸಿ-ಕ್ಲಿಪ್‌ನಿಂದ (C ಆಕಾರದ ಲೋಹದ ಬಳೆ) ನಿಂತಿದೆಯೇ, ಅಥವಾ ಹೊರತುದಿಯ ಬೇರಿಂಗ್ ಅದನ್ನು ಹಿಡಿದಿದೆಯೇ ಎಂಬುದನ್ನೂ ನೋಡಿ. ಸಿ-ಕ್ಲಿಪ್ ಇರುವ ಶಾಫ್ಟ್ ಕೂದಲೆಳೆಯಷ್ಟು ಒಳಹೊರಗೆ ಆಡುತ್ತದೆ. ಡ್ರಮ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ಜಾಗ ಬಿಟ್ಟು ಕದಲದ ಕ್ಯಾಲಿಪರ್‌ನಲ್ಲಿ ಡಿಸ್ಕ್ ಪಿಸ್ಟನ್‌ಗಳನ್ನು ಹಿಂದಕ್ಕೆ ತಳ್ಳುವುದರಿಂದ, ಓಟ ಮುಗಿದು ಬ್ರೇಕ್ ಬೇಕಾದ ಹೊತ್ತಿಗೆ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಹಾಗಿದ್ದರೆ ಶಾಫ್ಟನ್ನು ಬೇರಿಂಗ್‌ನಿಂದ ಹಿಡಿಯುವ ವ್ಯವಸ್ಥೆಗೆ ಮೊದಲು ಬದಲಿಸಿ, ಆಮೇಲೆ ಬ್ರೇಕಿನ ಮಾತು.

ಜೋಡಿಸುವಾಗ ಪ್ಯಾಡ್ ಇಲ್ಲದೆ ಕ್ಯಾಲಿಪರ್ ಕೂರಿಸಿ, ಡಿಸ್ಕಿನ ಎರಡೂ ಬದಿಯ ಸಂದನ್ನು ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ಅಳೆಯಿರಿ. ಎರಡೂ ಸಮವಾಗುವವರೆಗೆ ಬ್ರಾಕೆಟ್ ಅಡಿಯ ಶಿಮ್‌ಗಳನ್ನು (ತೆಳು ಲೋಹದ ಬಿಲ್ಲೆಗಳು) ಹೆಚ್ಚು ಕಡಿಮೆ ಮಾಡಿ. ಈ ಹಂತದಲ್ಲಿ ಅರ್ಧ ದಿನ ಹೋದರೂ ಬೇಸರಿಸಬೇಡಿ. ಗಾಳಿ ತೆಗೆಯುವ ತಿರುಪು ಕ್ಯಾಲಿಪರ್‌ನ ಅತಿ ಎತ್ತರದಲ್ಲಿ ಇರಲೇಬೇಕು, ಇಲ್ಲವಾದರೆ ಗುಳ್ಳೆ ಒಳಗೇ ಉಳಿಯುತ್ತದೆ.

ಬಹಳ ಜನ ಮರೆಯುವುದು ಹಳೆಯ ಹೈಡ್ರಾಲಿಕ್ ಭಾಗಗಳನ್ನು. ಡ್ರಮ್ ಬ್ರೇಕಿನ ದ್ರವದ ಕೊಳವೆಯಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ಕವಾಟ, ಅನೇಕ ಕಾರುಗಳಲ್ಲಿ ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ಒಳಗೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಪೆಡಲ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ನೀವು ತೂಕ ಇಳಿಸಿ ಗಳಿಸಿದ್ದೆಲ್ಲವೂ ಅಲ್ಲೇ ಬಿಸಿಯಾಗಿ ಹೋಗುತ್ತದೆ. ಜಾಕ್ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ: ಮೆಲ್ಲನೆ ಉಜ್ಜಿದ ಸದ್ದು ಬಂದರೂ ಚಕ್ರ ಸಲೀಸಾಗಿ ತಿರುಗಬೇಕು, ಕೈಗೆ ತಡೆ ಸಿಗಬಾರದು. ಹಿಂಬದಿಯ ಒತ್ತಡ ಹೊಂದಿಸಲು ಪ್ರಪೋರ್ಷನಿಂಗ್ ವಾಲ್ವ್ ಹಾಕಿ, ಹಿಂದಿನ ಚಕ್ರ ಮುಂದಿನದಕ್ಕಿಂತ ಮೊದಲು ಲಾಕ್ ಆಗದಂತೆ ಖಾಲಿ ಟ್ರ್ಯಾಕಿನಲ್ಲಿ ಕಡಿಮೆ ವೇಗದಿಂದ ಆರಂಭಿಸಿ ಪರೀಕ್ಷಿಸಿ.

ಪ್ರಶ್ನೆ: ಬಹಳ ಉಪಕಾರವಾಯಿತು ಸರ್. ಟ್ರ್ಯಾಕಿಗೆ ಹೋಗಿ ಬರಲು ಇದೇ ಕಾರನ್ನು ರಸ್ತೆಯಲ್ಲಿ ಓಡಿಸಬಹುದೇ?

ಉತ್ತರ: ಓಡಿಸಬೇಡಿ, ಟ್ರೈಲರ್‌ನಲ್ಲಿ ಒಯ್ಯಿರಿ. ನಿಮ್ಮ ಕಾರು ಗೆರೆ ದಾಟುವಾಗ ಅದರಲ್ಲಿ ಸುಮಾರು 16 ಲಕ್ಷ ಜೌಲ್ ಚಲನಶಕ್ತಿ ಇರುತ್ತದೆ. ಅದರಲ್ಲಿ ತನ್ನ ಪಾಲಿನದನ್ನು ತೆಳು ಡಿಸ್ಕ್ ಒಮ್ಮೆ ನುಂಗಬಲ್ಲದು, ಏಕೆಂದರೆ ಮುಂದಿನ ಓಟಕ್ಕೆ ಮುನ್ನ ಅದಕ್ಕೆ ತಣಿಯಲು ಸಮಯವಿದೆ. ರಸ್ತೆಯಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, ಬ್ರೇಕ್ ಮತ್ತೆ ಮತ್ತೆ ಒತ್ತುವುದರಿಂದ ಆ ಬಿಡುವು ಸಿಗುವುದಿಲ್ಲ. ಒಳಗೆ ಗಾಳಿಯಾಡುವ ಸೀಳುಗಳಿಲ್ಲದ ಡಿಸ್ಕ್ ಕಾದು ಸೊಟ್ಟಗಾಗುತ್ತದೆ. ಜೊತೆಗೆ ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಇರುವುದಿಲ್ಲ, ಅನೇಕ ಕ್ಯಾಲಿಪರ್‌ಗಳ ಪಿಸ್ಟನ್‌ಗೆ ಧೂಳು ತಡೆಯುವ ರಬ್ಬರ್ ಕೂಡ ಇಲ್ಲ.

ಇನ್ನೊಂದು ಮಾತು. ಡಿಸ್ಕಿನ ವ್ಯಾಸ ಚಕ್ರದ ವ್ಯಾಸಕ್ಕಿಂತ ಚಿಕ್ಕದಾದ್ದರಿಂದ, ಅದೇ ತೂಕವನ್ನು ಟೈರ್‌ನಲ್ಲಿ ಇಳಿಸಿದಷ್ಟು ಲಾಭ ಇಲ್ಲಿ ಬರುವುದಿಲ್ಲ. ಈ ಬದಲಾವಣೆಯನ್ನು ಒಟ್ಟು ತೂಕ ಮತ್ತು ಸ್ಪ್ರಿಂಗ್ ಕೆಳಗಿನ ತೂಕ (ಚಕ್ರ, ಬ್ರೇಕ್‌ನಂಥ ಭಾಗಗಳದ್ದು) ಇಳಿಸುವುದಕ್ಕಾಗಿ ಮಾಡಿ. ಸಮಯದಲ್ಲಿ ಭಾರೀ ಇಳಿಕೆಯನ್ನು ನಿರೀಕ್ಷಿಸಬೇಡಿ. ಮೊದಲ ಓಟದ ನಂತರ ಡಿಸ್ಕ್ ತಣ್ಣಗಾದ ಮೇಲೆ ಕ್ಯಾಲಿಪರ್ ಮತ್ತು ಬ್ರಾಕೆಟ್‌ನ ಎಲ್ಲ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ.