ಹಳೆಯ ಚಿಮಣಿ ಇರುವ ಮನೆಗೆ ಯಾವ ಬಗೆಯ ಗ್ಯಾಸ್ ಫೈರ್ ಸೂಕ್ತ?

ಪ್ರಶ್ನೆ (ರೆಡಿಂಗ್‌ನಿಂದ)

ಎಲ್ಲರಿಗೂ ನಮಸ್ಕಾರ. ನಾವು ಇತ್ತೀಚೆಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ 1930ರ ದಶಕದ ಸೆಮಿ-ಡಿಟ್ಯಾಚ್ಡ್ ಮನೆಯೊಂದನ್ನು ಕೊಂಡಿದ್ದೇವೆ. ಮುಂದಿನ ಕೋಣೆಯಲ್ಲಿ ಇಟ್ಟಿಗೆಯ ಚಿಮಣಿ ಇದ್ದು, ಅದರ ಬುಡದಲ್ಲಿ ಹಿಂದಿನವರು ಬಿಟ್ಟುಹೋದ, ಕೆಟ್ಟುನಿಂತ ಗ್ಯಾಸ್ ಫೈರ್ (ಅನಿಲ ಉರಿಸಿ ಕೋಣೆ ಕಾಯಿಸುವ ಒಲೆ) ಇದೆ. ಅದರ ಹಿಂದೆ ಒಂದು ಕಾಲಕ್ಕೆ ಬ್ಯಾಕ್ ಬಾಯ್ಲರ್ (ಫೈರ್‌ನ ಹಿಂದೆ ಕೂರಿಸಿ ನೀರು ಕಾಯಿಸುವ ಬಾಯ್ಲರ್) ಇತ್ತಂತೆ. ಈಗ ರೇಡಿಯೇಟರ್‌ಗಳೆಲ್ಲ ಅಡುಗೆಮನೆಯ ಕಾಂಬಿ ಬಾಯ್ಲರ್‌ನಿಂದ (ರೇಡಿಯೇಟರ್‌ಗೂ ನಲ್ಲಿಗೂ ಬಿಸಿನೀರು ಕೊಡುವ ಬಾಯ್ಲರ್) ನಡೆಯುತ್ತವೆ.

ನವೆಂಬರ್‌ನಲ್ಲಿ ಶಿವಮೊಗ್ಗದಿಂದ ನಮ್ಮ ಅತ್ತೆಯವರು ಬಂದು ಚಳಿಗಾಲವಿಡೀ ಇರಲಿದ್ದಾರೆ. ಹಗಲಿನಲ್ಲಿ ಆ ಕೋಣೆಯಲ್ಲಿ ಕೂರುವವರು ಅವರೊಬ್ಬರೇ ಆದ್ದರಿಂದ, ಇಡೀ ಮನೆಯನ್ನು ಕಾಯಿಸುವ ಬದಲು ಅದೊಂದೇ ಕೋಣೆಯನ್ನು ಬೆಚ್ಚಗಿಡಲು ಹೊಸ ಗ್ಯಾಸ್ ಫೈರ್ ಹಾಕಿಸುವ ಯೋಚನೆ ಇದೆ. ಅಂಗಡಿಯಲ್ಲಿ ಮೂರು ಬಗೆ ತೋರಿಸಿದರು: ಸೌದೆ ಉರಿಯುವಂತೆ ಕಾಣುವ ತೆರೆದ ಮುಖದ್ದು, ಮುಂದೆ ಗಾಜಿರುವುದು, ಚಿಮಣಿಯೇ ಬೇಕಿಲ್ಲದ ಫ್ಲೂಲೆಸ್. ಮೂರನೆಯದರಲ್ಲಿ ಶೇ. 100ರಷ್ಟು ಶಾಖವೂ ಕೋಣೆಗೇ ದಕ್ಕುತ್ತದೆ ಎಂಬುದು ಮಾರಾಟಗಾರರ ಮಾತು. ಹಾಗಿದ್ದರೆ ಉಳಿದ ಎರಡನ್ನು ಜನ ಏಕೆ ಕೊಳ್ಳುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಲೀಡ್ಸ್‌ನಿಂದ)

ನಮಸ್ಕಾರ. ಅಂಗಡಿಗೆ ಹೋಗುವ ಮುಂಚೆ ಚಿಮಣಿಯನ್ನು ಪರೀಕ್ಷೆ ಮಾಡಿಸಿ ಎಂಬುದೇ ನನ್ನ ಮೊದಲ ಸಲಹೆ, ಏಕೆಂದರೆ ಯಾವ ಫೈರ್ ಹಾಕಬಹುದು ಎಂಬುದನ್ನು ತೀರ್ಮಾನಿಸುವುದು ನಿಮ್ಮ ಇಷ್ಟಕ್ಕಿಂತ ಹೆಚ್ಚಾಗಿ ಆ ಹೊಗೆದಾರಿ. ನಿಮ್ಮ ಕಾಲದ ಮನೆಗಳ ಇಟ್ಟಿಗೆ ಚಿಮಣಿ ಅಗಲವಾಗಿರುತ್ತದೆ; ಅದಕ್ಕೆ ಬಹುತೇಕ ಎಲ್ಲ ಬಗೆಯೂ ಒಗ್ಗುತ್ತದೆ. 1960ರ ನಂತರದ ಎಷ್ಟೋ ಮನೆಗಳಲ್ಲಿ ಗೋಡೆಯೊಳಗೆ ಕಾಂಕ್ರೀಟ್ ಅಚ್ಚುಗಳನ್ನು ಜೋಡಿಸಿ ಮಾಡಿದ ಕಿರಿದಾದ ಫ್ಲೂ (ಹೊಗೆದಾರಿ) ಇರುವುದರಿಂದ ಅಲ್ಲಿ ಆಯ್ಕೆ ಕಡಿಮೆ. ಚಿಮಣಿಯೇ ಇಲ್ಲದವರು ಹೊರಗೋಡೆಯ ಮೂಲಕ ಗಾಳಿಯನ್ನು ಎಳೆದುಕೊಂಡು ಅಲ್ಲಿಂದಲೇ ಹೊಗೆ ಬಿಡುವ ಬ್ಯಾಲೆನ್ಸ್ಡ್ ಫ್ಲೂ ಮಾದರಿಯನ್ನು ಹಾಕಿಸುತ್ತಾರೆ.

ಬ್ಯಾಕ್ ಬಾಯ್ಲರ್ ಇದ್ದ ಚಿಮಣಿಯೊಳಗೆ ಸಾಮಾನ್ಯವಾಗಿ ಲೋಹದ ಲೈನರ್ (ಒಳಕೊಳವೆ) ಇಳಿಬಿಟ್ಟಿರುತ್ತಾರೆ. ಅದು ಹೊಸ ಫೈರ್‌ಗೆ ಹೊಂದುತ್ತದೆಯೇ, ತೆಗೆಯಬೇಕೇ ಎಂಬುದನ್ನು ನೋಡಬೇಕು. ಚಿಮಣಿಯನ್ನು ಗುಡಿಸಿ, ಹೊಗೆ ಬಿಟ್ಟು, ಅದು ಮೇಲಿನ ಕೊಳವೆಯಿಂದಲೇ ಹೋಗುತ್ತದೆಯೋ ಮಲಗುವ ಕೋಣೆಯ ಗೋಡೆಯಲ್ಲಿ ಸೋರುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಬಳಸದೆ ಬಿಟ್ಟ ಚಿಮಣಿಗಳಲ್ಲಿ ಜಾಕ್‌ಡಾ ಕಾಗೆಗಳು ಕಡ್ಡಿ ತುಂಬಿ ಗೂಡು ಕಟ್ಟುವುದು ಇಲ್ಲಿ ಮಾಮೂಲು. ಮೊಟ್ಟೆ-ಮರಿ ಇರುವ ಗೂಡನ್ನು ಕೀಳುವುದು ಕಾನೂನಿಗೆ ವಿರುದ್ಧವಾದ್ದರಿಂದ ಈ ಕೆಲಸವನ್ನು ವಸಂತಕ್ಕೆ ತಳ್ಳಬೇಡಿ.

ಈಗ ದಕ್ಷತೆಯ ವಿಚಾರ. ಫೈರ್‌ನ ವಿವರಗಳಲ್ಲಿ ಎರಡು ಅಂಕಿಗಳಿರುತ್ತವೆ: ಒಳಗೆ ಹೋಗುವ ಅನಿಲದ ಶಕ್ತಿ ಮತ್ತು ಕೋಣೆಗೆ ಬರುವ ಶಾಖ. ಅಂಗಡಿಯವರು ದೊಡ್ಡದನ್ನು ತೋರಿಸುತ್ತಾರೆ, ನೀವು ಚಿಕ್ಕದನ್ನು ನೋಡಿ. ತೆರೆದ ಮುಖದ ಫೈರ್ 6.8 ಕಿಲೋವ್ಯಾಟ್ ಅನಿಲ ಉರಿಸಿ 3 ಕಿಲೋವ್ಯಾಟ್ ಆಸುಪಾಸು ಶಾಖ ಕೊಡುವುದು ಸಾಮಾನ್ಯ. ಬರೀ ಅಲಂಕಾರಕ್ಕೆಂದು ಮಾಡಿದವು ಇದರರ್ಧವೂ ಕೊಡುವುದು ಕಷ್ಟ. ಗಾಜಿನ ಮುಖದವು ಶೇ. 70-80ನ್ನು ಮುಟ್ಟುತ್ತವೆ. ಇಲ್ಲಿ ಒಂದು ಯೂನಿಟ್ ಅನಿಲದ ಬೆಲೆ ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಕಾಲು ಭಾಗ ಎಂಬುದನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಿದರೆ, ಕಾಲು ಪಾಲು ಶಾಖ ಮಾತ್ರ ಕೊಡುವ ಅಲಂಕಾರದ ಫೈರ್ ಉರಿಸುವುದಕ್ಕೂ ಸಾದಾ ಎಲೆಕ್ಟ್ರಿಕ್ ಹೀಟರ್ ಹಾಕುವುದಕ್ಕೂ ಖರ್ಚಿನಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಸಾಲದ್ದಕ್ಕೆ, ಕೋಣೆಯಲ್ಲಿ ಬೆಚ್ಚಗಾದ ಗಾಳಿಯನ್ನೂ ಆ ಚಿಮಣಿ ಮೇಲಕ್ಕೆ ಸೆಳೆದುಕೊಳ್ಳುತ್ತದೆ.

ಫ್ಲೂಲೆಸ್ ಬಗ್ಗೆ ಮಾರಾಟಗಾರರು ಹೇಳಿದ್ದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ಶಾಖವೆಲ್ಲ ಕೋಣೆಗೆ ಬರುವಂತೆ ಉರಿಯಿಂದ ಹುಟ್ಟಿದ್ದೆಲ್ಲವೂ ಕೋಣೆಗೇ ಬರುತ್ತದೆ. ಅದರಲ್ಲಿರುವ ವೇಗವರ್ಧಕವು ಕಾರ್ಬನ್ ಮೊನಾಕ್ಸೈಡನ್ನು ನಿವಾರಿಸುತ್ತದೆ, ಆದರೆ ನೀರಾವಿಯನ್ನಲ್ಲ. 3 ಕಿಲೋವ್ಯಾಟ್‌ನ ಫೈರ್ ಮೂರ್ನಾಲ್ಕು ಗಂಟೆ ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಗಾಳಿಗೆ ಸೇರುತ್ತದೆ. ಜೊತೆಗೆ ಹೊರಗೋಡೆಯಲ್ಲಿ ಎಂದೂ ಮುಚ್ಚಬಾರದ ಗಾಳಿಕಿಂಡಿಯೂ ತೆರೆಯಬಹುದಾದ ಕಿಟಕಿಯೂ ಇರಲೇಬೇಕು. ಒಳ್ಳೆಯ ಚಿಮಣಿ ಇಟ್ಟುಕೊಂಡು ಇದನ್ನೇಕೆ ಕೊಳ್ಳಬೇಕು?

ಉತ್ತರ (ಲೆಸ್ಟರ್‌ನಿಂದ)

ಮೇಲಿನವರ ಮಾತಿಗೆ ನನ್ನ ಅನುಮೋದನೆ ಇದೆ. ನಾವು ಮೊದಲಿದ್ದ ಬಾಡಿಗೆ ಮನೆಯಲ್ಲಿ ಫ್ಲೂಲೆಸ್ ಇತ್ತು. ಕಿಟಕಿಯ ಗಾಜಿನಿಂದ ನೀರು ಇಳಿದು ಚೌಕಟ್ಟಿನ ಮೂಲೆಗಳಲ್ಲಿ ಕಪ್ಪಗೆ ಬೂಷ್ಟು ಕಟ್ಟುತ್ತಿತ್ತು. ನಮ್ಮ ಅಡುಗೆಯ ಹಬೆಯೂ ಸೇರಿದರೆ ಕೇಳಬೇಕೇ.

ಹಿರಿಯರಿಗಾಗಿ ಕೊಳ್ಳುತ್ತಿರುವುದರಿಂದ ಇನ್ನೆರಡು ಸಂಗತಿಗಳನ್ನು ಗಮನಿಸಿ. ಹಲವು ಮಾದರಿಗಳಲ್ಲಿ ತಿರುಪು ಕೆಳಗೆ ನೆಲದ ಹತ್ತಿರವಿದ್ದು, ಅದನ್ನು ಒತ್ತಿ ಹಿಡಿದು ತಿರುಗಿಸಲು ಮಂಡಿಯೂರಬೇಕಾಗುತ್ತದೆ. ಮಂಡಿನೋವಿನವರಿಗೆ ಅದು ಆಗದ ಕೆಲಸ. ಮೇಲ್ಭಾಗದಲ್ಲಿ ಜಾರಿಸುವ ಸ್ವಿಚ್ ಇರುವ ಅಥವಾ ರಿಮೋಟ್ ಇರುವ ಮಾದರಿಯನ್ನೇ ಕೇಳಿ. ಎರಡನೆಯದು ಸೀರೆಯ ಸೆರಗು. ತೆರೆದ ಉರಿಯ ಮುಂದೆ ಬಗ್ಗಿದಾಗ ಸೆರಗು ಎಲ್ಲಿರುತ್ತದೆಂದು ಹೇಳಲಾಗದು. ಗಾಜಿನದೂ ಮುಟ್ಟಲಾಗದಷ್ಟು ಕಾಯುವುದರಿಂದ ಅದರ ಮುಂದೆಯೂ ಜಾಲರಿಯ ತಡೆ ಇಡುವುದು ಒಳ್ಳೆಯದು.

ಉತ್ತರ (ಮಿಲ್ಟನ್ ಕೀನ್ಸ್‌ನಿಂದ)

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇರುವ ಕಾಂಬಿ ಬಾಯ್ಲರ್ ಕಂಡೆನ್ಸಿಂಗ್ (ಹೊಗೆಯಲ್ಲಿನ ಶಾಖವನ್ನೂ ಬಳಸಿಕೊಳ್ಳುವ) ಮಾದರಿಯದಾಗಿದ್ದರೆ ಅದರ ದಕ್ಷತೆ ಶೇ. 90ರ ಹತ್ತಿರವಿರುತ್ತದೆ; ಯಾವ ಗಾಜಿನ ಫೈರ್ ಕೂಡ ಅದನ್ನು ಸುಲಭವಾಗಿ ಮೀರುವುದಿಲ್ಲ. ಮೇಲಿನ ಕೋಣೆಗಳ ರೇಡಿಯೇಟರ್ ವಾಲ್ವ್‌ಗಳನ್ನು ಹಗಲಿನಲ್ಲಿ ತಗ್ಗಿಸಿ, ಮುಂದಿನ ಕೋಣೆಯದನ್ನು ಮಾತ್ರ ಏರಿಸಿಟ್ಟರೆ ನಿಮ್ಮ ಉದ್ದೇಶ ಅಲ್ಲಿಗೇ ಈಡೇರಬಹುದು. ಬಳಸದ ಚಿಮಣಿಯ ಬಾಯಿಯಿಂದ ಸುರಿಯುವ ತಣ್ಣನೆ ಗಾಳಿಯನ್ನು ತಡೆದರೆ ಅರ್ಧ ಚಳಿ ಹೋಗುತ್ತದೆ. ಒಂದು ಚಳಿಗಾಲದ ಅತಿಥಿಗಾಗಿ ಸಾವಿರಾರು ಪೌಂಡ್ ಸುರಿಯುವ ಮುಂಚೆ ಇದನ್ನು ಮಾಡಿ ನೋಡಿ ಎಂದು ನನ್ನ ಸಲಹೆ.

ಉತ್ತರ (ನ್ಯೂಕ್ಯಾಸಲ್‌ನಿಂದ)

ಖರ್ಚಿನ ಮಟ್ಟಿಗೆ ಮೇಲಿನ ಮಾತು ಸರಿ. ಆದರೆ ಕರೆಂಟ್ ಹೋದರೆ ಬಾಯ್ಲರ್ ನಿಲ್ಲುತ್ತದೆ. 2021ರ ನವೆಂಬರ್‌ನ ಆರ್ವೆನ್ ಬಿರುಗಾಳಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳ ವಿದ್ಯುತ್ ಹೋಯಿತು, ಕೆಲವೆಡೆ ವಾರ ಕಳೆದರೂ ಬರಲಿಲ್ಲ. ಕೈಯಿಂದ ಅಥವಾ ಬ್ಯಾಟರಿಯಿಂದ ಹೊತ್ತಿಸುವ ಗ್ಯಾಸ್ ಫೈರ್ ಅಂತಹ ಹೊತ್ತಿನಲ್ಲೂ ಉರಿಯುತ್ತದೆ. ಫ್ಯಾನಿನಿಂದ ಹೊಗೆ ದೂಡುವ ಪವರ್ ಫ್ಲೂ ಮಾದರಿಗೆ ಮಾತ್ರ ಈ ಅನುಕೂಲವಿಲ್ಲ.

ಯಾವುದನ್ನೇ ಹಾಕಿಸಿದರೂ ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರಿಂದಲೇ ಹಾಕಿಸಬೇಕು, ಇದು ಕಾನೂನು. ಅವರ ಗುರುತಿನ ಚೀಟಿಯ ಹಿಂಬದಿಯಲ್ಲಿ ಯಾವ ಯಾವ ಉಪಕರಣಗಳ ಕೆಲಸಕ್ಕೆ ಅರ್ಹತೆ ಇದೆಯೆಂದು ಬರೆದಿರುತ್ತದೆ. ಬಾಯ್ಲರ್‌ಗೆ ಅರ್ಹರಾದವರೆಲ್ಲ ಫೈರ್‌ಗೆ ಅರ್ಹರಲ್ಲ. ಹಿಂದಿನವರ ಕಾಗದಗಳಲ್ಲಿ ಗ್ಯಾಸ್ ಸೇಫ್‌ಗೂ ಮುಂಚಿನ ನೋಂದಣಿಯಾದ ಕೊರ್ಗಿ ಎಂಬ ಹೆಸರು ಕಂಡರೆ ಅದು 2009ಕ್ಕಿಂತ ಹಳೆಯದೆಂದು ತಿಳಿಯಿರಿ. ಫೈರ್‌ನಿಂದ ಒಂದರಿಂದ ಮೂರು ಮೀಟರ್ ಅಂತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂರಿಸಿ. ನಮ್ಮ ಕರ್ನಾಟಕದಲ್ಲಿ ಬಾಗಿಲು ಹಾಕಿದ ಬಚ್ಚಲುಮನೆಯ ಗ್ಯಾಸ್ ಗೀಸರ್‌ನಿಂದ ಜೀವ ಹೋದ ಸುದ್ದಿಗಳನ್ನು ಓದಿರುತ್ತೀರಿ. ಅಲ್ಲಿ ಕೊಂದದ್ದು ಬಣ್ಣವೂ ವಾಸನೆಯೂ ಇಲ್ಲದ ಇದೇ ಅನಿಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಫ್ಲೂಲೆಸ್ ವಿಚಾರವನ್ನು ಕೈಬಿಟ್ಟೆವು. ಮೊದಲು ವಾಲ್ವ್‌ಗಳನ್ನು ಸರಿಮಾಡಿ ನೋಡುತ್ತೇವೆ. ಜೊತೆಗೇ ಚಿಮಣಿಯ ಪರೀಕ್ಷೆಗೂ ಹೇಳಿದ್ದೇವೆ. ಲೈನರ್ ತೆಗೆಸಬೇಕಾಗಿ ಬಂದರೆ ಅದರ ಖರ್ಚು ಫೈರ್ ಹಾಕಿಸುವವರ ಲೆಕ್ಕದಲ್ಲೇ ಸೇರಿರುತ್ತದೆಯೋ, ಬೇರೆ ಕೊಡಬೇಕೋ?

ಉತ್ತರ (ಲೀಡ್ಸ್‌ನಿಂದ)

ಸಾಮಾನ್ಯವಾಗಿ ಬೇರೆ. ಲೈನರ್ ತೆಗೆಯುವುದು, ಹೊಸದನ್ನು ಇಳಿಸುವುದು, ಚಿಮಣಿಯ ತುದಿಯ ಕೊಳವೆಗೆ ಮುಚ್ಚಳ ಹಾಕುವುದು, ಇವೆಲ್ಲವನ್ನೂ ಬಿಡಿಬಿಡಿಯಾಗಿ ಬರೆದ ಅಂದಾಜುಪಟ್ಟಿಯನ್ನು ಕೇಳಿ ಪಡೆಯಿರಿ.